ಹಳೆಯ ಕಾರಿಗೆ ರಿಮೋಟ್ ಲಾಕ್: ಅಗ್ಗದ ಕಿಟ್ಟೋ, ಕಂಪನಿ ಕಿಟ್ಟೋ?

ನನ್ನ ಮಾರುತಿ 800ಕ್ಕೆ ಹಾಕಿದ್ದು ಆನ್‌ಲೈನಿನಲ್ಲಿ ತರಿಸಿದ, ಹೆಸರೂ ಊರೂ ಇಲ್ಲದ ಕಿಟ್. ಭಾವನ ಹಳೆಯ ಆಲ್ಟೊಗೆ ಹಾಕಿದ್ದು ಬಳ್ಳಾರಿಯ ಬಿಡಿಭಾಗದ ಅಂಗಡಿಯಲ್ಲಿ ಕೊಂಡ ಕಂಪನಿ ಕಿಟ್. ಬೆಲೆ ಮೊದಲಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಜೋಡಿಸಿದ್ದು ಎರಡನ್ನೂ ನಾನೇ, ಮನೆಯ ಮುಂದಿನ ಬೇವಿನ ನೆರಳಿನಲ್ಲಿ. ಎರಡೂ ಬೇಸಿಗೆ ದಾಟಿವೆ. ಹೆಚ್ಚು ಕೊಟ್ಟ ದುಡ್ಡು ಎಲ್ಲಿ ಹೋಯಿತು ಎಂಬುದನ್ನು ಈಗ ಹೇಳಬಹುದು.

ಬಾಗಿಲಿನ ಲಾಕನ್ನು ಎಳೆದು ತಳ್ಳುವ ಮೋಟಾರಿಗಂತೂ ಹೋಗಿಲ್ಲ. ಎರಡೂ ಪೆಟ್ಟಿಗೆಗಳಲ್ಲಿ ನಾಲ್ಕು ಮೋಟಾರು: ಚಾಲಕನ ಬಾಗಿಲಿಗೆ ಐದು ವೈರಿನದು, ಮಿಕ್ಕವಕ್ಕೆ ಎರಡು ವೈರಿನವು. ಬಣ್ಣಗಳೂ ಅವೇ. ನೀಲಿ, ಹಸಿರು ವೈರುಗಳು ಮೋಟಾರನ್ನು ಓಡಿಸುತ್ತವೆ. ಐದು ವೈರಿನದರಲ್ಲಿ ಮಿಕ್ಕ ಬಿಳಿ, ಕಂದು, ಕಪ್ಪು ವೈರುಗಳು ಆ ಬಾಗಿಲಿನ ಲಾಕ್ ತಿರುಗಿದ್ದನ್ನು ತಿಳಿಸುವ ಸ್ವಿಚ್ಚಿನವು. ನಾಲ್ಕರಲ್ಲಿ ಒಂದು ಬಾಗಿಲು ಉಲ್ಟಾ ಕೆಲಸ ಮಾಡಿದರೆ ಗಾಬರಿ ಬೇಡ, ಅದರ ನೀಲಿ ಹಸಿರನ್ನು ಅದಲುಬದಲು ಮಾಡಿದರಾಯಿತು. ಎಳೆತದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಅಗ್ಗದ್ದು ಸದ್ದು ಹೆಚ್ಚು ಮಾಡುತ್ತದೆ, ಅಷ್ಟೆ.

ವ್ಯತ್ಯಾಸ ಶುರುವಾಗುವುದು ಕಂಬಿಯಿಂದ. ಮೋಟಾರಿನ ಕಂಬಿಯನ್ನು ಲಾಕಿನ ಕಂಬಿಗೆ ಸಮಾನಾಂತರವಾಗಿ ಇಟ್ಟು ಕ್ಲಾಂಪ್ ಬಿಗಿಯಬೇಕು. ಓರೆಯಾದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅಗ್ಗದ ಕಿಟ್ಟಿನ ಕಂಬಿ ಎಷ್ಟು ಮೆತ್ತಗೆಂದರೆ, ಲಾಕ್ ಬಿಗಿಯಿದ್ದ ಹಿಂಬಾಗಿಲಿನಲ್ಲಿ ಲಾಕ್ ಅಲುಗದೆ ಕಂಬಿಯೇ ಬಿಲ್ಲಿನಂತೆ ಬಾಗಿತು. ಅದನ್ನು ತೆಗೆದು ಸೈಕಲ್ಲಿನ ಕಡ್ಡಿ ಕತ್ತರಿಸಿ ಹಾಕಿದೆ, ಇವತ್ತಿಗೂ ಜಗ್ಗಿಲ್ಲ. ಆಲ್ಟೊದ ಲಾಕುಗಳು ಇನ್ನೂ ಬಿಗಿ. ಭಾವ ದಿನವೂ ತೋರಣಗಲ್ಲಿಗೆ ಓಡಾಡುವವರು, ಅದಿರಿನ ಲಾರಿಗಳ ಕೆಂಪು ದೂಳು ಗ್ರೀಸಿನೊಂದಿಗೆ ಕಲಸಿ ಲಾಕಿನೊಳಗೆ ಗಟ್ಟಿಯಾಗಿತ್ತು. ಅದನ್ನು ತೊಳೆದು ಹೊಸ ಗ್ರೀಸು ಹಚ್ಚಿದ ಮೇಲೆ ಕಂಪನಿಯ ಕಂಬಿ ಬಾಗದೆ ಕೆಲಸ ಮಾಡಿತು. ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮರಳಿ ಅಂಟಿಸದೆ ಡೋರ್ ಪ್ಯಾಡ್ ಮುಚ್ಚಬೇಡಿ. ನಮ್ಮ ಕಡೆಯ ದೂಳಿಗೆ ಅಷ್ಟು ಸಂದು ಸಾಕು. ಗಾಜನ್ನು ಪೂರ್ತಿ ಇಳಿಸಿ, ಮೋಟಾರಿಗೆ ತಾಗುವುದಿಲ್ಲವೆಂದು ನೋಡಿಕೊಂಡೇ ಡ್ರಿಲ್ ಹಿಡಿಯಬೇಕು.

ನಿಜವಾದ ಅಂತರ ಕಂಟ್ರೋಲ್ ಯೂನಿಟ್ಟಿನದು, ಅಂದರೆ ರಿಮೋಟಿನ ಸಂಕೇತ ಹಿಡಿದು ಮೋಟಾರುಗಳನ್ನು ಓಡಿಸುವ ಪೆಟ್ಟಿಗೆಯದು. ನನ್ನ ರಿಮೋಟು ಪ್ರತಿ ಸಲವೂ ಅದೇ ಸಂಕೇತ ಕಳಿಸುತ್ತದೆ. ನಕಲಿ ಕೀಲಿ ಮಾಡುವವರ ಬಳಿ ಇರುವ ಖಾಲಿ ರಿಮೋಟಿಗೆ ಅದನ್ನು ಕಲಿಸುವುದು ಕಷ್ಟವೇನಲ್ಲ. ಭಾವನದು ಒತ್ತಿದಾಗಲೆಲ್ಲ ಸಂಕೇತ ಬದಲಿಸುವಂಥದ್ದು. ಇದಕ್ಕೆ ಕೊಡುವ ದುಡ್ಡು ದಂಡವಲ್ಲ. ಆದರೆ ಮಕ್ಕಳ ಕೈಗೆ ಕೊಡಬೇಡಿ: ಕಾರಿನಿಂದ ದೂರ ಕೂತು ಒತ್ತುತ್ತಲೇ ಇದ್ದರೆ ಯೂನಿಟ್ಟಿಗೂ ರಿಮೋಟಿಗೂ ಲೆಕ್ಕ ತಪ್ಪಿ ಮತ್ತೆ ಜೋಡಿ ಮಾಡಿಸಬೇಕಾಗುತ್ತದೆ.

ಅಗ್ಗದ ಯೂನಿಟ್ಟನ್ನು ಅಂಟಿಸಲು ಕೊಟ್ಟಿದ್ದು ಎರಡು ಬದಿಯ ಟೇಪು. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಟೇಪಿನ ಅಂಟು ಕರಗಿ, ಪೆಟ್ಟಿಗೆ ಕ್ಲಚ್ ಪೆಡಲಿನ ಪಕ್ಕಕ್ಕೆ ಜೋತುಬಿತ್ತು. ಈಗ ಸ್ಕ್ರೂ ಹಾಕಿದ ಪಟ್ಟಿಯ ಆಸರೆಯಿದೆ. ಕಂಪನಿಯದಕ್ಕೆ ಸ್ಕ್ರೂ ಹಾಕುವ ಕಿವಿಗಳು ಮೊದಲೇ ಇದ್ದವು, ಬಾಟರಿಯಿಂದ ಬರುವ ವೈರಿನಲ್ಲಿ ಫ್ಯೂಸೂ ಇತ್ತು. ನನ್ನದರಲ್ಲಿ ಫ್ಯೂಸ್ ಇರಲಿಲ್ಲ. 15 ಆಂಪಿಯರಿನದನ್ನು ಬೇರೆ ಕೊಂಡು ಹಾಕಿದೆ.

ಇನ್ನೊಂದು ಕಾರಿಗೆ ಹಾಕುವುದಾದರೆ ನಾನು ಎರಡರಲ್ಲಿ ಯಾವ ಕಿಟ್ಟನ್ನೂ ಇಡಿಯಾಗಿ ಕೊಳ್ಳುವುದಿಲ್ಲ. ಮೋಟಾರು ಅಗ್ಗದವು, ಯೂನಿಟ್ ಮತ್ತು ರಿಮೋಟು ಒಳ್ಳೆಯ ಕಂಪನಿಯವು, ಬಿಡಿಯಾಗಿ. ಪ್ಲಗ್ ಹೊಂದದಿದ್ದರೆ ಕತ್ತರಿಸಿ ಬೆಸುಗೆ ಹಾಕಿದರಾಯಿತು. ಐದು ವೈರಿನ ಮೋಟಾರನ್ನು ಮಾತ್ರ ಚಾಲಕನ ಬಾಗಿಲಿಗೆ ಬಿಡದೆ ಹಾಕಿ. ರಿಮೋಟಿನ ಸೆಲ್ ಮುಗಿದ ದಿನ ಆ ಒಂದು ಬಾಗಿಲಿಗೆ ಕೀಲಿ ತಿರುಗಿಸಿದರೆ ಉಳಿದ ಮೂರೂ ತೆರೆಯುತ್ತವೆ.