ಹಳೇ ಎಂಎಕ್ಸ್-5 ತಗೊಳ್ಳೋರು ಮೊದಲು ಬಗ್ಗಿ ಕೆಳಗೆ ನೋಡಿ

ನನ್ನ ಹತ್ತಿರ ಇರುವುದು 2004ರ ಮಜ್ದಾ ಎಂಎಕ್ಸ್-5. 1.8 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರು, ಎರಡೇ ಸೀಟು, ಕೈಯಲ್ಲೇ ಮಡಚುವ ಕಪ್ಪು ಟಾಪು. ಇಂಗ್ಲೆಂಡಿನಲ್ಲಿ ಈ ಮಾದರಿಗೆ ಮಾರ್ಕ್ 2.5 ಅಂತಾರೆ, ಅಂದರೆ ಎರಡನೇ ಪೀಳಿಗೆಯದನ್ನೇ (ಮಾರ್ಕ್ 2) ಸ್ವಲ್ಪ ತಿದ್ದಿದ ರೂಪ. ನಾನಿರೋದು ಶೆಫೀಲ್ಡಿನಲ್ಲಿ, ಆಸ್ಪತ್ರೆಯಲ್ಲಿ ಶಿಫ್ಟ್ ಕೆಲಸ. 3,200 ಪೌಂಡ್ ಕೊಟ್ಟು ತಗೊಂಡೆ. ಈ ದುಡ್ಡಿಗೆ ಇಷ್ಟು ಖುಷಿ ಕೊಡುವ ಕಾರನ್ನು ನಾನಂತೂ ಬೇರೆ ಓಡಿಸಿಲ್ಲ. ಆದರೆ ನೋಡೋಕೆ ಹೋದಾಗ ಬಣ್ಣದ ಹೊಳಪು, ಕಮ್ಮಿ ಮೈಲಿ, ಎಂಜಿನ್ ಶಬ್ದ ಇವಕ್ಕೆಲ್ಲ ಮರುಳಾಗಬೇಡಿ. ಈ ಕಾರಿನ ಜೀವ ಇರೋದು ತಳದ ತಗಡಿನಲ್ಲಿ. ಎಂಜಿನ್ ಕೆಟ್ಟರೆ ಇನ್ನೊಂದು ಸಿಗುತ್ತೆ. ತಳ ತುಕ್ಕು ತಿಂದರೆ ಕಾರೇ ಮುಗೀತು.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ, "ಮಜ್ದಾ ಅಂದ್ರೆ ಆ ಸ್ಕೂಲ್ ವ್ಯಾನ್ ಅಲ್ವೇನೇ?" ಅಂದರು. ನಮ್ಮ ಕಡೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ ತಾನೇ, ಅವರು ಹೇಳಿದ್ದು ಸರಿಯಾಗೇ ಇತ್ತು. ಎಂಎಕ್ಸ್-5 ಬೇರೆಯದೇ ಕಥೆ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಲೋಟಸ್ ಎಲಾನ್, ಎಂಜಿಬಿ ಥರದ ಪುಟ್ಟ ತೆರೆದ ಕಾರುಗಳು ಬರುತ್ತಿದ್ದವು. ಓಡಿಸೋಕೆ ಬಲು ಚೆಂದ, ಆದರೆ ಎಣ್ಣೆ ಸೋರುತ್ತಿದ್ದವು, ದಾರಿಯಲ್ಲಿ ನಿಲ್ಲುತ್ತಿದ್ದವು. ಆ ಖುಷಿಯನ್ನು ಉಳಿಸಿಕೊಂಡು, ಕೈಕೊಡದ ಕಾರನ್ನು ಮಜ್ದಾದವರು ಹಿರೋಶಿಮಾದಲ್ಲಿ ಮಾಡಿದರು. 1989ರಲ್ಲಿ ಶಿಕಾಗೋದ ಮೋಟಾರ್ ಪ್ರದರ್ಶನದಲ್ಲಿ ಮೊದಲ ಬಾರಿ ತೋರಿಸಿದರು. 2016ರಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರುಗಳಲ್ಲಿ ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಇದೇ. ಅದಕ್ಕೇ ಬಿಡಿಭಾಗ ಸುಲಭವಾಗಿ ಸಿಗುತ್ತೆ, ಗೊತ್ತಿರುವ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಇದು ಸಣ್ಣ ಮಾತಲ್ಲ.

ತೂಕ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ. ನಮ್ಮ ಬೀದಿಯಲ್ಲಿ ನಿಲ್ಲುವ ಎಸ್‌ಯುವಿಗಳು ಒಂದೂವರೆ ಟನ್ ಆಸುಪಾಸಿನವು. ಹಗುರ ಮಾಡೋಕೆ ಮಜ್ದಾದವರು ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ ಅಂದರೆ, ಬಾನೆಟ್ಟನ್ನು ಅಲ್ಯೂಮಿನಿಯಂನಲ್ಲಿ ಮಾಡಿದ್ದಾರೆ. ಈ ಹಗುರತನದಿಂದಲೇ 145ರ ಆಸುಪಾಸಿನ ಹಾರ್ಸ್‌ಪವರ್ ಸಾಕೋಸಾಕು. ಟೈರು, ಬ್ರೇಕು ಬೇಗ ಸವೆಯಲ್ಲ. ಪವರ್ ಜಾಸ್ತಿ ಬೇಕು ಅನ್ನೋರು ಬೇರೆ ಕಾರು ನೋಡಲಿ.

ಈಗ ತಳದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಬಾಗಿಲ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ತಗಡಿನ ಒಂದು ಪೆಟ್ಟಿಗೆ ಹೋಗುತ್ತೆ. ಅದೇ ಸಿಲ್. ಛಾವಣಿ ಇರುವ ಕಾರಿನಲ್ಲಿ ಗಟ್ಟಿತನದ ಒಂದು ಪಾಲು ಛಾವಣಿಯದು. ಇದಕ್ಕೆ ಛಾವಣಿಯೇ ಇಲ್ಲ, ಹಾಗಾಗಿ ಸಿಲ್ ಮೇಲೆ ಜಾಸ್ತಿ ಭಾರ. ಮಳೆ ನೀರು ಟಾಪಿನ ಮೇಲಿಂದ ಇಳಿದು, ಸೀಟಿನ ಹಿಂದೆ ಎರಡೂ ಬದಿ ಇರುವ ಸಣ್ಣ ಕೊಳವೆಯಲ್ಲಿ ಕೆಳಗೆ ಹೋಗಬೇಕು. ಮರದ ಕೆಳಗೆ ಕಾರು ನಿಲ್ಲಿಸಿದರೆ ಎಲೆ, ಕಸ ಸೇರಿ ಕೊಳವೆ ಕಟ್ಟಿಕೊಳ್ಳುತ್ತೆ. ಆಮೇಲೆ ನೀರು ಒಳಗೇ ಉಳಿದು ಸಿಲ್ ಒಳಗಿಂದ ಕೊಳೆಯುತ್ತೆ. ಹೊರಗೆ ಬಣ್ಣ ಚೆನ್ನಾಗೇ ಇರುತ್ತೆ. ಹಿಂದಿನ ಚಕ್ರದ ಮುಂದುಗಡೆ ಒಂದು ಸಣ್ಣ ಗುಳ್ಳೆ ಕಾಣಿಸಿಕೊಂಡಿತು ಅಂದರೆ ಒಳಗೆ ಅರ್ಧ ಕೆಲಸ ಮುಗಿದಿದೆ ಅಂತಲೇ ಅರ್ಥ.

ಮಾರ್ಕ್ 2ರಲ್ಲಿ ಇನ್ನೊಂದು ಜಾಗ ಇದೆ, ಅದು ಇನ್ನೂ ಕೆಟ್ಟದ್ದು. ಎಂಜಿನ್ನಿನ ಎರಡೂ ಬದಿ ಮುಂದಕ್ಕೆ ಚಾಚಿದ ಚಾಸಿ ರೈಲುಗಳು, ಅಂದರೆ ಕಾರಿನ ಮುಂಭಾಗವನ್ನು ಹೊರುವ ತಗಡಿನ ತೊಲೆಗಳು. ಗಟ್ಟಿಯಾಗಲಿ ಅಂತ ಅವುಗಳ ಒಳಗೆ ಇನ್ನೊಂದು ಪದರ ತಗಡು ಹಾಕಿದ್ದಾರೆ. ಎರಡು ಪದರದ ಸಂದಿಯಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತೆ. ಇಲ್ಲಿನ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲಿ ಅಂತ ಕಲ್ಲುಪ್ಪು ಚೆಲ್ಲುತ್ತಾರೆ. ಚೆಷೈರಿನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೆ ದೊಡ್ಡ ಗಣಿಯೇ ಇದೆ. ಆ ಉಪ್ಪುನೀರು ಮೊದಲು ತಿನ್ನೋದು ಇಂಥ ಜಾಗವನ್ನೇ. ಸಿಲ್ ವೆಲ್ಡಿಂಗ್ ಮಾಡೋರು ಬೇಕಾದಷ್ಟು ಜನ ಇದ್ದಾರೆ. ರೈಲು ರಿಪೇರಿ ದೊಡ್ಡ ಕೆಲಸ, ಖರ್ಚು ಕಾರಿನ ಬೆಲೆಗೇ ಸಮ ಬಂದುಬಿಡಬಹುದು.

ನೋಡೋಕೆ ಹೋಗುವ ಮುಂಚೆ ಮನೆಯಲ್ಲೇ ಕೂತು ಮಾಡುವ ಕೆಲಸ ಒಂದಿದೆ. ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಆ ಕಾರಿನ ಎಂಒಟಿ (ವರ್ಷಕ್ಕೊಮ್ಮೆ ಮಾಡಿಸಬೇಕಾದ ಸುರಕ್ಷತಾ ಪರೀಕ್ಷೆ) ಇತಿಹಾಸ ಪುಕ್ಕಟೆಯಾಗಿ ಸಿಗುತ್ತೆ. ಪಾಸಾಗಿದೆಯಾ ಇಲ್ವಾ ಅನ್ನೋದಷ್ಟೇ ನೋಡಿ ಸುಮ್ನಾಗಬೇಡಿ. ಅಡ್ವೈಸರಿಗಳನ್ನು, ಅಂದರೆ ಪಾಸಾದರೂ ಗಮನಿಸಬೇಕು ಅಂತ ಪರೀಕ್ಷಕರು ಬರೆದ ಟಿಪ್ಪಣಿಗಳನ್ನು ಓದಿ. ಒಂದು ವರ್ಷ ಸಿಲ್‌ನಲ್ಲಿ ತುಕ್ಕು ಅಂತ ಬರೆದು, ಮುಂದಿನ ವರ್ಷ ಆ ಮಾತೇ ಇಲ್ಲ ಅಂದರೆ, ನಡುವೆ ಏನೋ ನಡೆದಿದೆ. ಸರಿಯಾಗಿ ವೆಲ್ಡಿಂಗ್ ಆಗಿದ್ದರೆ ರಸೀದಿ ಇರಬೇಕು. ಸಾಲದ ಬಾಕಿ ಇದೆಯಾ ಅಂತಲೂ ಒಂದು ಚೆಕ್ ಮಾಡಿಸಿ, ದೊಡ್ಡ ಖರ್ಚೇನಲ್ಲ.

ನಾನು ಮೊದಲು ನೋಡಿದ್ದು ಒಬ್ಬ ಡೀಲರ್ ಹತ್ತಿರ ಇದ್ದ ಕೆಂಪು ಕಾರು. 50 ಸಾವಿರ ಮೈಲಿ ಕೂಡ ಆಗಿರಲಿಲ್ಲ. ಬಣ್ಣ ಕನ್ನಡಿ ಥರ. ಜೊತೆಗೆ ಬಂದಿದ್ದ ನಮ್ಮನೆಯವರು, "ಇದೇ ಚೆನ್ನಾಗಿದೆ ಕಣೇ, ಮುಗಿಸಿಬಿಡು" ಅಂದರು. ನಾನು, "ತಡೀರಿ, ಸ್ವಲ್ಪ ಕೆಳಗೆ ನೋಡೋಣ" ಅಂತ ಫೋನಿನ ಟಾರ್ಚ್ ಹಾಕಿ ಮಂಡಿಯೂರಿದೆ. ತಳಕ್ಕೆಲ್ಲ ದಪ್ಪಗೆ, ತುಕ್ಕು ತಡೆಯೋಕೆ ಹಚ್ಚುವ ಹೊಸ ಕಪ್ಪು ಅಂಡರ್‌ಸೀಲ್ ಬಳಿದಿದ್ದರು. ಜಾಕ್ ಹಾಕುವ ಅಂಚು ಎಲ್ಲಿದೆ ಅಂತ ಗೊತ್ತಾಗದಷ್ಟು ದಪ್ಪ. ಮನೆಯ ಫ್ರಿಜ್ಜಿನ ಅಯಸ್ಕಾಂತವನ್ನು ಬಣ್ಣಕ್ಕೆ ಗೀರು ಬೀಳದ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಬಾಗಿಲಿಗೆ ಗಟ್ಟಿಯಾಗಿ ಅಂಟಿತು. ಸಿಲ್‌ನ ಮುಂಭಾಗಕ್ಕೂ ಅಂಟಿತು. ಹಾಗೇ ಹಿಂದಕ್ಕೆ ಸರಿಸುತ್ತಾ ಹೋದರೆ, ಚಕ್ರಕ್ಕೆ ಒಂದು ಗೇಣು ಇದೆ ಅನ್ನುವಾಗ ಹಿಡಿತ ತಪ್ಪಿ ಕೈಗೇ ಬಂತು. ಅಲ್ಲಿ ತಗಡೇ ಇಲ್ಲ, ಬರೀ ಫಿಲ್ಲರ್ (ತೂತು ಮುಚ್ಚುವ ಪುಟ್ಟಿ). ಡೀಲರ್ ಏನೂ ಮಾತಾಡಲಿಲ್ಲ. ನಾವು ಹೊರಟುಬಂದೆವು. (ಬಾನೆಟ್‌ಗೆ ಅಯಸ್ಕಾಂತ ಅಂಟಲಿಲ್ಲ ಅಂತ ಗಾಬರಿಯಾಗಬೇಡಿ. ಆಗಲೇ ಹೇಳಿದ ಹಾಗೆ ಅದು ಅಲ್ಯೂಮಿನಿಯಂ.)

ತಗೊಂಡ ಕಾರು ಚೆಸ್ಟರ್‌ಫೀಲ್ಡ್ ಕಡೆಯ ನಿವೃತ್ತರೊಬ್ಬರದು. ಕಡುನೀಲಿ ಬಣ್ಣ, ಅಲ್ಲಲ್ಲಿ ಮಂಕಾಗಿತ್ತು. ಮೀಟರಿನಲ್ಲಿ 98 ಸಾವಿರ ಮೈಲಿ. ಟಾಪು ಮಡಚುವ ಜಾಗದಲ್ಲಿ ಸವೆದಿತ್ತು. ಆದರೆ ಸಿಲ್‌ನ ಅಡಿ ಅಂಚು ನೆಟ್ಟಗಿತ್ತು, ಕಾರ್ಖಾನೆಯ ಸ್ಪಾಟ್ ವೆಲ್ಡ್ ಗುಳಿಗಳನ್ನು ಬೆರಳಲ್ಲೇ ಸಾಲಾಗಿ ಮುಟ್ಟಬಹುದಿತ್ತು. ಸೀಟಿನ ಹಿಂದೆ ಕಾರ್ಪೆಟ್ ಎತ್ತಿ ಕೈಯಿಟ್ಟೆ, ಒಣಗಿತ್ತು. ಮುಂದಿನ ರೈಲುಗಳಿಗೆ ತುಕ್ಕು ತಡೆಯುವ ಮೇಣ ಹೊಡೆಸಿದ ರಸೀದಿ ಫೈಲಿನಲ್ಲಿತ್ತು. ಅಷ್ಟು ಸಾಕಾಯಿತು ನನಗೆ. ಒಂದು ಮಾತು ನೆನಪಿರಲಿ: ಡೀಲರ್ ಹತ್ತಿರ ತಗೊಂಡರೆ, ಕಾರಿನಲ್ಲಿ ದೋಷ ಇದ್ದದ್ದು ಗೊತ್ತಾದರೆ ತಗೊಂಡ 30 ದಿನದೊಳಗೆ ವಾಪಸ್ ಕೊಡುವ ಹಕ್ಕು 2015ರ ಕಾನೂನಿನಲ್ಲಿದೆ. ಖಾಸಗಿಯವರ ಹತ್ತಿರ ತಗೊಂಡರೆ ಆ ರಕ್ಷಣೆ ಇಲ್ಲ. ನಾನು ಆದರೂ ಖಾಸಗಿಯವರನ್ನೇ ನಂಬಿದೆ, ಯಾಕೆಂದರೆ ತಳವನ್ನು ನಾನೇ ನೋಡಿದ್ದೆ.

ಓಡಿಸೋದು ಹೇಗಿದೆ? ನಾನು ತೀರ್ಥಹಳ್ಳಿಯವಳು. ಆಗುಂಬೆ ಘಾಟಿಯ 14 ತಿರುವಿನಲ್ಲಿ ಬಸ್ಸಿನ ಕಂಬಿ ಹಿಡಿದುಕೊಂಡು, ಬಾಯಲ್ಲಿ ನಿಂಬೆಹುಳಿ ಪೆಪ್ಪರಮೆಂಟು ಇಟ್ಟುಕೊಂಡು ಬೆಳೆದವಳು. ತಿರುವು ಬಂತೆಂದರೆ ಹೊಟ್ಟೆ ತೊಳಸುತ್ತಿತ್ತು. ಈಗ ತಿರುವಿಗೇ ಕಾಯುತ್ತೇನೆ. ಶೆಫೀಲ್ಡಿನಿಂದ ಪಶ್ಚಿಮಕ್ಕೆ ಎ57 ರಸ್ತೆ ಹಿಡಿದರೆ ಲೇಡಿಬೋವರ್ ಜಲಾಶಯ ದಾಟಿ ಸ್ನೇಕ್ ಪಾಸ್ ಹತ್ತುತ್ತೆ. ಬೆಳಗಿನ ಹೊತ್ತು ಲಾರಿ ಇರಲ್ಲ. ಟಾಪು ಹಿಂದಕ್ಕೆ, ಹೀಟರ್ ಕಾಲಿಗೆ. ತಿರುವಿನ ಮುಂಚೆ ಮೂರರಿಂದ ಎರಡಕ್ಕೆ ಹಾಕಬೇಕು ಅಂದರೆ ಮಣಿಕಟ್ಟು ಆಡಿಸಿದರೆ ಸಾಕು, ಗೇರು ಟಕ್ ಅಂತ ಕೂರುತ್ತೆ. ಸ್ಟಿಯರಿಂಗ್ ಸ್ವಲ್ಪ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತೆ. ರಸ್ತೆ ಒದ್ದೆಯಾಗಿದೆಯಾ, ಜಲ್ಲಿ ಬಿದ್ದಿದೆಯಾ ಅನ್ನೋದು ಅಂಗೈಗೆ ತಿಳಿಯುತ್ತೆ. ಹಿಂದಿನ ಚಕ್ರ ತಳ್ಳುವ ಕಾರು ಇದು, ತಿರುವಿನಿಂದ ಹೊರಬರುವಾಗ ಬೆನ್ನಿನ ಹಿಂದಿನಿಂದ ಯಾರೋ ಮೆಲ್ಲಗೆ ನೂಕಿದ ಹಾಗಿರುತ್ತೆ. ಇಷ್ಟೆಲ್ಲ ಆಗೋದು ವೇಗದ ಮಿತಿಯೊಳಗೇ. ಲೈಸೆನ್ಸ್ ಪಣಕ್ಕಿಡದೆ ಸಿಗುವ ಖುಷಿ ಇದು. ನೈಟ್ ಶಿಫ್ಟ್ ಮುಗಿಸಿದ ದಿನ ಮಾತ್ರ ಇದನ್ನು ತೆಗೆಯಲ್ಲ, ನಿದ್ದೆಗಣ್ಣಿನಲ್ಲಿ ಓಡಿಸುವ ಕಾರಲ್ಲ.

ಮೊದಮೊದಲು ಇಷ್ಟು ಚೆನ್ನಾಗಿರಲಿಲ್ಲ. ಕಾರು ಎಡಕ್ಕೆ ಎಳೆಯುತ್ತಿತ್ತು. ಒಂದು ಟೈರ್ ಅಂಗಡಿಯಲ್ಲಿ ಅಲೈನ್‌ಮೆಂಟ್ ಮಾಡಿಸಿದೆ. "ಎಲ್ಲಾ ಸರಿಯಾಗಿದೆ" ಅಂದರು. ಕೊಟ್ಟ ಚೀಟಿ ನೋಡಿದರೆ ಬರೀ ಮುಂದಿನ ಚಕ್ರದ ಅಳತೆ. ಈ ಕಾರಿನಲ್ಲಿ ನಾಲ್ಕೂ ಚಕ್ರದ ಕೋನ ಹೊಂದಿಸಬಹುದು, ಹೊಂದಿಸಲೇಬೇಕು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ, ದುಡ್ಡಂತೂ ಪೂರ್ತಿ ತಗೊಂಡರು. ಬೇಜಾರಾಗಿ ಎಂಎಕ್ಸ್-5 ಮಾತ್ರ ನೋಡುವ ಗ್ಯಾರೇಜಿಗೆ ಹೋದೆ. ಹಿಂದಿನ ಹೊಂದಾಣಿಕೆ ಬೋಲ್ಟುಗಳು ತುಕ್ಕಿಗೆ ಕಚ್ಚಿಕೊಂಡಿದ್ದವು. ಕೊಯ್ದು ತೆಗೆದು ಹೊಸದು ಹಾಕಿದರು. ಅವತ್ತು ಮನೆಗೆ ಬರುವಾಗ ಬೇರೆ ಕಾರೇ ಓಡಿಸುತ್ತಿದ್ದೇನಾ ಅನಿಸಿತು. ಹಳೇ ಎಂಎಕ್ಸ್-5 ತಗೊಂಡವರು ದೊಡ್ಡ ಸೈಲೆನ್ಸರ್ ಹಾಕಿಸುವ ಬದಲು ಮೊದಲು ಇದನ್ನು ಮಾಡಿಸಿ, ಒಳ್ಳೇ ಟೈರ್ ಹಾಕಿಸಿ.

ಉಳಿದ ಖರ್ಚು ಸಾಧಾರಣ. ಕ್ಲಚ್ಚಿನ ಸ್ಲೇವ್ ಸಿಲಿಂಡರ್ (ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸಣ್ಣ ಭಾಗ) ಸೋರಿತು, ಇದರಲ್ಲಿ ಮಾಮೂಲು, ಅಗ್ಗದ ಕೆಲಸ. ಹಿಂದಿನ ಬ್ರೇಕ್ ಕ್ಯಾಲಿಪರ್ ಕಚ್ಚಿಕೊಳ್ಳೋದೂ ಮಾಮೂಲು. ಬ್ಯಾಟರಿ ಬೂಟಿನಲ್ಲಿದೆ (ಅಂದರೆ ಹಿಂದಿನ ಡಿಕ್ಕಿಯಲ್ಲಿ), ಹಾಗಾಗಿ ಯಾವುದೋ ಅಗ್ಗದ್ದು ತಂದು ಕೂರಿಸುವ ಹಾಗಿಲ್ಲ. ಗಾಳಿ ಹೊರಗೆ ಹೋಗುವ ಸಣ್ಣ ಕೊಳವೆ ಜೋಡಿಸುವಂಥದ್ದೇ ಬೇಕು, ಇಲ್ಲದಿದ್ದರೆ ಆಸಿಡ್ ಹಬೆ ಬೂಟಿನೊಳಗೇ ಸೇರುತ್ತೆ. ಎಲೆ ಉದುರುವ ಕಾಲ ಮುಗಿದ ಮೇಲೆ ಹುಲ್ಲು ಕತ್ತರಿಸುವ ಯಂತ್ರದ ಪ್ಲಾಸ್ಟಿಕ್ ದಾರವನ್ನು ನೀರಿನ ಕೊಳವೆಗೆ ಮೆಲ್ಲಗೆ ತೂರಿಸುತ್ತೇನೆ. ಮೊದಲು ಕಪ್ಪು ರಾಡಿ, ಆಮೇಲೆ ಹಿಂದಿನ ಚಕ್ರದ ಮುಂದೆ ನೀರು ಗಳಗಳ ಇಳಿಯುತ್ತೆ. ಆ ಸದ್ದು ಕೇಳಿದರೆ ನೆಮ್ಮದಿ. ಚಳಿಗಾಲಕ್ಕೆ ಮುಂಚೆ ಸಿಲ್ ಮತ್ತು ರೈಲುಗಳ ಒಳಗೆ ಮೇಣ ಹೊಡೆಸುತ್ತೇನೆ. ಉಪ್ಪು ಚೆಲ್ಲಿದ ದಿನ ಹೊರಗೆ ತೆಗೆದರೆ, ಬಂದ ಮೇಲೆ ತಳವನ್ನು ಬರೀ ನೀರಲ್ಲಿ ಚೆನ್ನಾಗಿ ತೊಳೆಯುತ್ತೇನೆ.

ಬೇರೆ ಮಾರ್ಕ್‌ಗಳ ಬಗ್ಗೆ ಚುಟುಕಾಗಿ. ಮೇಲೆದ್ದು ಬರುವ ಹೆಡ್‌ಲೈಟಿನ ಮಾರ್ಕ್ 1 ಇನ್ನೂ ಹಗುರ, ಆದರೆ ಈಗ ಸಂಗ್ರಹಕಾರರ ಬೆಲೆ. 2005ರಲ್ಲಿ ಬಂದ ಮಾರ್ಕ್ 3 ಒಳಗೆ ಜಾಗ ಜಾಸ್ತಿ, ಉದ್ದ ಇರುವವರಿಗೆ ಒಳ್ಳೇದು. ಅದರ ಶುರುವಿನ ಕಾರುಗಳಲ್ಲಿ ಕೆಲವು ಎಣ್ಣೆ ಕುಡಿಯುತ್ತವೆ, ಡಿಪ್‌ಸ್ಟಿಕ್ ಎಳೆದು ನೋಡದೆ ತಗೋಬೇಡಿ. 2015ರ ಮಾರ್ಕ್ 4 ಮತ್ತೆ ಒಂದು ಟನ್ ಆಸುಪಾಸಿಗೆ ಇಳಿದಿದೆ, ದುಡ್ಡಿದ್ದರೆ ಅದೇ ತಗೊಳ್ಳಿ. ಲಂಡನ್ನಿನಲ್ಲಿ ಇರುವವರು ಹಳೆಯದನ್ನು ತಗೊಳ್ಳುವ ಮೊದಲು, ಹೊಗೆ ಜಾಸ್ತಿ ಉಗುಳುವ ಕಾರುಗಳಿಗೆ ಶುಲ್ಕ ಹಾಕುವ ವಲಯವಾದ ಯುಲೆಜ್‌ಗೆ ಹೊಂದುತ್ತಾ ಅಂತ ನಂಬರ್ ಹಾಕಿ ನೋಡಿ, ಇಲ್ಲದಿದ್ದರೆ ಓಡಿಸಿದ ದಿನಕ್ಕೆ 12.50 ಪೌಂಡ್ ಕಟ್ಟಬೇಕು.

ಮನೆಯಲ್ಲಿ ಇನ್ನೊಂದು ಕಾರು ಇದ್ದವರಿಗೆ ಮಾತ್ರ ಇದನ್ನು ಹೇಳುತ್ತೇನೆ. ಬೂಟಿನಲ್ಲಿ ಸ್ಟೆಪ್ನಿ, ಬ್ಯಾಟರಿ ಹೋಗಿ ಉಳಿದ ಜಾಗಕ್ಕೆ ವಾರದ ದಿನಸಿ ಹಿಡಿಯುತ್ತೆ, ಊರಿಂದ ಬಂದವರ ಸೂಟ್‌ಕೇಸು ಹಿಡಿಯಲ್ಲ. ಮೋಟರ್‌ವೇಯಲ್ಲಿ 70 ಮೈಲಿ ವೇಗದಲ್ಲಿ ಟಾಪಿನ ಗದ್ದಲಕ್ಕೆ ಪಕ್ಕದವರ ಮಾತು ಕೇಳಲ್ಲ. ನನ್ನ ಟಾಪು ಈಗ ಸವೆದ ಜಾಗದಲ್ಲಿ ಹರಿಯೋಕೆ ಶುರುವಾಗಿದೆ. ಗಾಜಿನ ಹಿಂಬದಿ ಕಿಟಕಿ ಇರುವ ಹೊಸ ಟಾಪಿಗೆ ದುಡ್ಡು ಎತ್ತಿಟ್ಟಿದ್ದೇನೆ, ಮುಂದಿನ ಮಳೆಗಾಲಕ್ಕೆ ಮುಂಚೆ ಹಾಕಿಸುತ್ತೇನೆ. ಹಾಕಿಸಿದ ಮೇಲೆ ಯಾವುದು, ಎಷ್ಟಾಯಿತು ಅಂತ ಇಲ್ಲೇ ಬರೆಯುತ್ತೇನೆ.