ಪಿಎಲ್‌ಸಿಸಿ ಎಸ್‌ಎಂಡಿ ಸಾಕೆಟ್ ಕೂರಿಸಲು ಸೋಲ್ಡರಿಂಗ್ ಐರನ್ ಒಳ್ಳೆಯದಾ, ಹಾಟ್ ಏರ್ ಒಳ್ಳೆಯದಾ?

ಪಿಎಲ್‌ಸಿಸಿ ಅಂದರೆ ನಾಲ್ಕೂ ಬದಿಯಲ್ಲಿ ಕಾಲಿರುವ ಪ್ಲಾಸ್ಟಿಕ್ ಹೊದಿಕೆಯ ಚಿಪ್. ಅದರ ಕಾಲುಗಳು ಹೊರಗೆ ಚಾಚಿಕೊಂಡಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ಆದರೂ ಬರೀ ಚಿಪ್ ಸೋಲ್ಡರ್ ಮಾಡುವುದು ಕಷ್ಟವಲ್ಲ. ಕಾಲಿನ ಬೆನ್ನು ಹೊರಗಡೆಯೇ ಕಾಣುತ್ತದೆ, ಕಾಲಿಂದ ಕಾಲಿಗೆ 1.27 ಮಿಮೀ ಜಾಗ ಇದೆ, ಐರನ್ ಆರಾಮಾಗಿ ತಾಗುತ್ತದೆ. ಅದೇ ಜಾಗದಲ್ಲಿ ಎಸ್‌ಎಂಡಿ ಸಾಕೆಟ್ (ಬೋರ್ಡಿನ ಮೇಲ್ಮೈಗೇ ಬೆಸೆಯುವ, ಚಿಪ್ ಹಾಕಿ ತೆಗೆಯುವ ಗೂಡು) ಕೂರಿಸಲು ಹೋದರೆ ಕಷ್ಟ ಶುರು. ಸಾಕೆಟ್‌ನ ಪ್ಲಾಸ್ಟಿಕ್ ಗೋಡೆ ಪ್ಯಾಡ್‌ಗಳ (ಕಾಲು ಬೆಸೆಯುವ ತಾಮ್ರದ ತುಂಡುಗಳ) ಮೇಲೇ ಬಂದು ಕೂರುತ್ತದೆ, ಕಾಲುಗಳು ಗೋಡೆಯ ಅಡಿ ಸೇರುತ್ತವೆ. ಒಳಗಿನಿಂದ ಮುಟ್ಟೋಣ ಅಂದರೆ ನಡುವೆ ಪ್ಲಾಸ್ಟಿಕ್ ತಳ ಅಡ್ಡ.

ಆದರೂ ಈ ಸಾಕೆಟ್ ಬೇಕೇ ಬೇಕು. ಎಷ್ಟೋ ಹಳೆ ಮದರ್‌ಬೋರ್ಡ್‌ಗಳ ಬಯೋಸ್ (ಕಂಪ್ಯೂಟರ್ ಶುರುಮಾಡುವ ಪ್ರೋಗ್ರಾಂ) ಇರುವುದು 32 ಕಾಲಿನ ಪಿಎಲ್‌ಸಿಸಿ ಫ್ಲ್ಯಾಶ್ ಮೆಮೊರಿ ಚಿಪ್‌ನಲ್ಲಿ. ಮನೆಯಲ್ಲೇ 8-ಬಿಟ್ ಕಂಪ್ಯೂಟರ್ ಕಟ್ಟುವವರು ಬಳಸುವ 39ಎಸ್‌ಎಫ್040 ಫ್ಲ್ಯಾಶ್ ಚಿಪ್ ಕೂಡ ಈ ರೂಪದಲ್ಲಿ ಸಿಗುತ್ತದೆ. ಪ್ರೋಗ್ರಾಂ ಬದಲಿಸಲು ಚಿಪ್ ಪದೇ ಪದೇ ತೆಗೆಯಬೇಕು, ಪ್ರತಿ ಸಲ ಡೀಸೋಲ್ಡರ್ ಮಾಡಿದರೆ ಪ್ಯಾಡ್ ಎದ್ದು ಬರುತ್ತದೆ. ಒಂದು ಅನುಕೂಲ ಏನೆಂದರೆ, ಎಸ್‌ಎಂಡಿ ಸಾಕೆಟ್‌ಗಳು ಸಾಮಾನ್ಯವಾಗಿ ಚಿಪ್‌ನ ಪ್ಯಾಡ್‌ಗಳ ಮೇಲೆಯೇ ಕೂರುವ ಹಾಗೆ ಮಾಡಿರುತ್ತವೆ. ಚಿಪ್ ತೆಗೆದ ಜಾಗಕ್ಕೇ ಸಾಕೆಟ್ ಹಾಕಬಹುದು. ಬೋರ್ಡ್ ನೀವೇ ಡಿಸೈನ್ ಮಾಡುತ್ತಿದ್ದರೆ ಮಾತ್ರ ಈ ಗೊಡವೆಯೇ ಬೇಡ, ಕಾಲು ಬೋರ್ಡಿನ ತೂತಿನೊಳಗೆ ಇಳಿಯುವ ಥ್ರೂ-ಹೋಲ್ ಸಾಕೆಟ್ ಹಾಕಿಬಿಡಿ.

ನಾನು ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಮನೆಯ ಮೇಜಿನ ಮೇಲೆ ಕೆಲಸ ಮಾಡುವವರಿಗೆ ಸಾಕೆಟ್‌ನ ತಳ ಕತ್ತರಿಸಿ ತೆಗೆದು, ಒಳಗಿನಿಂದ ಐರನ್ ಹಿಡಿಯುವುದೇ ಸರಿ.

ಎಲ್ಲರೂ ಮೊದಲು ಮಾಡುವುದು ಉದ್ದನೆ ಚೂಪು ಟಿಪ್ ಹಾಕಿ ಹೊರಗಿನಿಂದ ತೂರಿಸುವುದು. ಇದು ಆಗುತ್ತದೆ, ಆದರೆ ನಂಬುವ ಹಾಗಿಲ್ಲ. ಸೂಜಿಯಂಥ ಟಿಪ್ ತುದಿಯಲ್ಲಿ ಬಿಸಿ ನಿಲ್ಲುವುದಿಲ್ಲ. ಕಾಲಿನ ಒಂದು ಮೂಲೆ ಮಾತ್ರ ತಾಗುತ್ತದೆ. ಪ್ಯಾಡ್ ಮೇಲೆ ಸೋಲ್ಡರ್ ಹರಿದು ಹೊಳೆಯುತ್ತದೆ, ಕಾಲಿಗೆ ಮಾತ್ರ ಹಿಡಿದಿರುವುದಿಲ್ಲ. ಹೊರಗಿನಿಂದ ನೋಡಿದರೆ ಹಿಡಿದ ಕಾಲು, ಹಿಡಿಯದ ಕಾಲು ಎರಡೂ ಒಂದೇ ಥರ ಕಾಣುತ್ತವೆ. ಗ್ರೌಂಡ್ ಕಾಲಿನಲ್ಲಂತೂ ಇದು ಜಾಸ್ತಿ. 39ಎಸ್‌ಎಫ್040ರಲ್ಲಿ ಗ್ರೌಂಡ್ ಇರುವುದು 16ನೇ ಕಾಲಿನಲ್ಲಿ. ಬೋರ್ಡಿನ ಗ್ರೌಂಡ್ ತಾಮ್ರ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಅಲ್ಲಿ ಕಾಯುತ್ತಾ ಕೂತರೆ ಐರನ್‌ನ ಮಗ್ಗುಲು ತಾಗಿ ಪ್ಲಾಸ್ಟಿಕ್ ಗೋಡೆ ಕರಗುತ್ತದೆ.

ಹಾಟ್ ಏರ್ ಬಗ್ಗೆ ತುಂಬಾ ಹೊಗಳಿಕೆ ಕೇಳಿರುತ್ತೀರಿ. ಸೋಲ್ಡರ್ ಪೇಸ್ಟ್ ಹಚ್ಚು, ಸಾಕೆಟ್ ಇಡು, ಬಿಸಿ ಗಾಳಿ ಬಿಡು, ಮುಗಿಯಿತು ಅನ್ನುತ್ತಾರೆ. ಬರೀ ಚಿಪ್‌ಗೆ ಅದು ನಿಜ. ಸಾಕೆಟ್‌ಗೆ ಬಂದಾಗ ಎಲ್ಲವೂ ಪ್ಲಾಸ್ಟಿಕ್ ಯಾವುದು ಅನ್ನುವುದರ ಮೇಲೆ ನಿಂತಿದೆ. ಪಿಬಿಟಿ ಪ್ಲಾಸ್ಟಿಕ್ ಸುಮಾರು 223 ಡಿಗ್ರಿಗೆ ಕರಗುತ್ತದೆ. ಪಿಪಿಎಸ್ ಆದರೆ 280ರ ತನಕ ತಡೆಯುತ್ತದೆ, ಎಲ್‌ಸಿಪಿ ಇನ್ನೂ ಗಟ್ಟಿ. ಸೀಸ ಇರುವ 63/37 ಸೋಲ್ಡರ್ ಕರಗಲು 183 ಡಿಗ್ರಿ ಸಾಕು, ಸೀಸವಿಲ್ಲದ ಎಸ್‌ಎಸಿ305ಕ್ಕೆ 217 ದಾಟಬೇಕು. ಪಿಬಿಟಿ ಸಾಕೆಟ್ ಮತ್ತು ಸೀಸವಿಲ್ಲದ ಪೇಸ್ಟ್ ಜೋಡಿಯಾದರೆ ನಡುವೆ ಜಾಗವೇ ಇಲ್ಲ. ಡೇಟಾಶೀಟ್ ಇದ್ದರೆ ಪ್ಲಾಸ್ಟಿಕ್ ಯಾವುದು ಅಂತ ಗೊತ್ತಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಕೊಂಡ ಸಾಕೆಟ್‌ಗೆ ಡೇಟಾಶೀಟ್ ಎಲ್ಲಿಂದ ತರುವುದು?

ಇನ್ನೊಂದು ತೊಂದರೆ ಗಾಳಿ ಹೋಗುವ ದಾರಿಯದು. ಬಿಸಿ ಮೇಲಿನಿಂದ ಬರುತ್ತದೆ, ಪೇಸ್ಟ್ ಇರುವುದು ಗೋಡೆಯ ನೆರಳಿನಲ್ಲಿ. ಅಡಿಯ ಸೋಲ್ಡರ್ ಕರಗುವ ಹೊತ್ತಿಗೆ ಗೋಡೆಯ ಮೇಲಂಚು ಎಷ್ಟೋ ಜಾಸ್ತಿ ಕಾದಿರುತ್ತದೆ. ಪ್ಲಾಸ್ಟಿಕ್ ಕಣ್ಣಿಗೆ ಕಾಣುವಷ್ಟು ಕರಗಬೇಕೆಂದಿಲ್ಲ, ಸ್ವಲ್ಪ ಮೆತ್ತಗಾದರೂ ಸಾಕು. ಒಳಗಿನ ಸ್ಪ್ರಿಂಗ್ ಕಾಂಟ್ಯಾಕ್ಟ್ ಗೋಡೆಯನ್ನು ತಳ್ಳಿ ಹಿಂದೆ ಸರಿಯುತ್ತದೆ, ಆಮೇಲೆ ಚಿಪ್ ಹಾಕಿದರೆ ಹಿಡಿತ ಸಡಿಲ. ಬೋರ್ಡನ್ನು ಕೆಳಗಿನಿಂದ ನೂರು ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿಕೊಂಡರೆ ಮೇಲಿನ ಗಾಳಿಯ ಕೆಲಸ ಹಗುರವಾಗುತ್ತದೆ. ಹಾಟ್ ಏರ್ ಬಿಟ್ಟರೆ ಗತಿಯಿಲ್ಲ ಅನ್ನುವವರು ಇಷ್ಟಾದರೂ ಮಾಡಿ.

138 ಡಿಗ್ರಿಗೆ ಕರಗುವ ಬಿಸ್ಮತ್ ಪೇಸ್ಟ್ ಬಳಸಿದರೆ ಪ್ಲಾಸ್ಟಿಕ್ ಉಳಿಯುತ್ತದಲ್ವಾ ಅಂತ ಕೇಳುತ್ತಾರೆ. ಪ್ಲಾಸ್ಟಿಕ್ ಉಳಿಯುತ್ತದೆ, ಬೆಸುಗೆ ಉಳಿಯುವುದು ಅನುಮಾನ. ಆ ಸೋಲ್ಡರ್ ಪೆಡಸು. ಸಾಕೆಟ್ ಅಂದಮೇಲೆ ಚಿಪ್ ಒತ್ತುವುದು, ಕೀಳುವುದು ಇದ್ದೇ ಇದೆ, ಆ ಬಲವೆಲ್ಲ ಬೆಸುಗೆಯ ಮೇಲೇ ಬೀಳುತ್ತದೆ. ಹಳೆ ಬೋರ್ಡಿನ ಪ್ಯಾಡ್ ಮೇಲೆ ಸೀಸದ ಸೋಲ್ಡರ್ ಉಳಿದಿದ್ದರೆ ಇನ್ನೂ ಅಪಾಯ. ತವರ, ಸೀಸ, ಬಿಸ್ಮತ್ ಮೂರೂ ಬೆರೆತರೆ ಸುಮಾರು 96 ಡಿಗ್ರಿಗೇ ಕರಗುವ ಮಿಶ್ರಣ ಹುಟ್ಟುತ್ತದೆ. ಸಾಕೆಟ್‌ಗೆ ನಾನು ಇದನ್ನು ಹಾಕುವುದಿಲ್ಲ.

ಹಾಟ್ ಪ್ಲೇಟ್ ಚೆನ್ನಾಗಿದೆ. ಬಿಸಿ ಕೆಳಗಿನಿಂದ ಬರುವುದರಿಂದ ಪ್ಯಾಡ್ ಮೊದಲು ಕಾಯುತ್ತದೆ, ಪ್ಲಾಸ್ಟಿಕ್ ಆಮೇಲೆ. ಆದರೆ ಹೊಸ ಬೋರ್ಡ್ ಇರಬೇಕು, ಹಿಂಬದಿ ಖಾಲಿ ಇರಬೇಕು. ರಿಪೇರಿಗೆ ಬಂದ ಮದರ್‌ಬೋರ್ಡನ್ನು ಅದರ ಮೇಲೆ ಇಡುವಂತಿಲ್ಲ.

ಈಗ ತಳ ತೆಗೆಯುವ ವಿಷಯ. ಮೊದಲು ಸಾಕೆಟ್‌ನ 1ನೇ ಕಾಲು ಎಲ್ಲಿ ಬರಬೇಕೆಂದು ಬೋರ್ಡಿನ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ. ಪಿಎಲ್‌ಸಿಸಿಯಲ್ಲಿ 1ನೇ ಕಾಲು ಮೂಲೆಯಲ್ಲಿಲ್ಲ, ಒಂದು ಬದಿಯ ನಡುವಿನಲ್ಲಿದೆ. ಅದನ್ನು ತೋರಿಸುವ ಬಾಣದ ಗುರುತು ತಳದ ಮೇಲಿದ್ದರೆ ತಳದ ಜೊತೆ ಅದೂ ಹೋಗುತ್ತದೆ. ಆಮೇಲೆ ತಳ ಗೋಡೆಗೆ ಸೇರುವ ಗೆರೆಯ ಮೇಲೆ ಚೂಪು ಬ್ಲೇಡ್‌ನಿಂದ ಮೂರ್ನಾಲ್ಕು ಸಲ ಮೆಲ್ಲಗೆ ಗೀರಿ, ಉಳಿದದ್ದನ್ನು ಸಣ್ಣ ಕಟರ್‌ನಿಂದ ಬಿಡಿಸಿ. ತಿರುಚಿ ಮುರಿಯಬೇಡಿ, ಕಾಲುಗಳು ಸೊಟ್ಟಗಾಗುತ್ತವೆ. ಸಾಕೆಟನ್ನು ಗಾಜಿನ ಮೇಲಿಟ್ಟು ಎಲ್ಲ ಕಾಲೂ ತಾಗುತ್ತಿವೆಯೇ ನೋಡಿ.

ಪ್ಯಾಡ್‌ಗಳನ್ನು ವಿಕ್‌ನಿಂದ (ಸೋಲ್ಡರ್ ಹೀರುವ ತಾಮ್ರದ ಹೆಣಿಗೆ) ಚಪ್ಪಟೆ ಮಾಡಿ, ಸೋಲ್ಡರ್ ಚೆನ್ನಾಗಿ ಹರಿಯಲು ಜೆಲ್ ಫ್ಲಕ್ಸ್ ಹಚ್ಚಿ. ಎದುರು ಬದುರು ಎರಡು ಕಾಲು ಅಂಟಿಸಿ, ನಾಲ್ಕೂ ಕಡೆ ಸಾಲು ನೋಡಿಕೊಳ್ಳಿ. ನಂತರ ಸಣ್ಣ ಚಿಸೆಲ್ ಟಿಪ್ (ಉಳಿಯಂಥ ಚಪ್ಪಟೆ ತುದಿ) ಸಾಕು, 330 ಡಿಗ್ರಿ ಆಸುಪಾಸು. ಒಳಗಿನಿಂದ ಓರೆಯಾಗಿ ಇಳಿಸಿದರೆ ಟಿಪ್‌ನ ಅಗಲ ಕಾಲಿಗೂ ಪ್ಯಾಡಿಗೂ ಒಟ್ಟಿಗೇ ತಾಗುತ್ತದೆ. ಸೋಲ್ಡರ್ ಕಾಲಿನ ತುದಿಯಿಂದ ಬಾಗಿದ ಜಾಗದ ತನಕ ಸರ್ರನೆ ಏರುವುದು ಕಣ್ಣೆದುರೇ ಕಾಣುತ್ತದೆ. ಈ ದಾರಿ ನನಗೆ ಇಷ್ಟವಾಗುವುದೇ ಇದಕ್ಕೆ. ಉಳಿದ ಮೂರರಲ್ಲಿ ಊಹೆ ಮಾಡಬೇಕು, ಇಲ್ಲಿ ನೋಡಬಹುದು. 0.5 ಮಿಮೀ ತಂತಿ ಬಳಸಿ, ಒಂದು ಚೂರು ಮುಟ್ಟಿಸಿ ತೆಗೆಯಿರಿ. ಜಾಸ್ತಿ ಕೊಟ್ಟರೆ ಸೋಲ್ಡರ್ ಕಾಂಟ್ಯಾಕ್ಟ್‌ನ ಮೇಲಕ್ಕೇ ಏರಿ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಆಮೇಲೆ ಚಿಪ್ ಇಳಿಯುವುದೇ ಇಲ್ಲ.

32 ಕಾಲಿನದರಲ್ಲಿ ಒಳಜಾಗ ಇಕ್ಕಟ್ಟು, ಐರನ್ ಸ್ವಲ್ಪ ನೆಟ್ಟಗೆ ಹಿಡಿಯಬೇಕು. 44ರಲ್ಲಿ ಕೈ ಆಡಲು ಬೇಕಾದಷ್ಟು ಜಾಗ. 84ರಲ್ಲಿ ಗೋಡೆ ಉದ್ದ, ತಳ ಪೂರ್ತಿ ತೆಗೆದರೆ ಚೌಕಟ್ಟು ಬಳುಕುತ್ತದೆ. ಅದಕ್ಕೇ ಮೂಲೆಗಳಲ್ಲಿ ಪ್ಲಾಸ್ಟಿಕ್ ಉಳಿಸಿಕೊಂಡು ನಡುಭಾಗ ಮಾತ್ರ ತೆಗೆಯುತ್ತೇನೆ. ಕತ್ತರಿಸಿದ ತುಂಡನ್ನು ಎಸೆಯಬೇಡಿ. ಕೆಲಸ ಮುಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ತುಂಡನ್ನು ವಾಪಸ್ ಒಳಗಿಟ್ಟರೆ, ಚಿಪ್ ಒತ್ತುವಾಗ ತೀರಾ ಕೆಳಗೆ ಇಳಿಯದಂತೆ ತಡೆಯುತ್ತದೆ.

ಯಾವ ದಾರಿ ಹಿಡಿದರೂ ಚಿಪ್ ಹಾಕುವ ಮೊದಲು ಮಲ್ಟಿಮೀಟರ್‌ನಲ್ಲಿ ಕಂಟಿನ್ಯೂಟಿ (ಸಂಪರ್ಕ ಇದೆಯಾ ಅಂತ) ನೋಡಿ. ಪ್ರೋಬನ್ನು ಕಾಂಟ್ಯಾಕ್ಟ್ ಮೇಲೆ ಒತ್ತಬೇಡಿ. ಒತ್ತಿದರೆ ಸೋಲ್ಡರ್ ಹಿಡಿಯದ ಕಾಲು ಕೂಡ ಪ್ಯಾಡ್‌ಗೆ ತಾಗಿ ಬೀಪ್ ಬರುತ್ತದೆ, ಕೈ ತೆಗೆದೊಡನೆ ಸಂಪರ್ಕ ತಪ್ಪುತ್ತದೆ. ಪಕ್ಕದಿಂದ ಸುಮ್ನೆ ತಾಗಿಸಿ, ಇನ್ನೊಂದು ಪ್ರೋಬ್ ಆ ಟ್ರ್ಯಾಕ್ ಹೋಗಿ ಸೇರುವ ದೂರದ ಜಾಗದಲ್ಲಿರಲಿ. ಅಕ್ಕಪಕ್ಕದ ಕಾಲುಗಳ ನಡುವೆ ಶಾರ್ಟ್ ಇದೆಯಾ ಅಂತಲೂ ನೋಡಿ. ಚಿಪ್ ಕೀಳಲು ಎದುರುಬದುರು ಮೂಲೆಗಳಿಗೆ ಸಿಕ್ಕಿಸುವ ಎಕ್ಸ್‌ಟ್ರಾಕ್ಟರ್ ಕೊಂಡುಕೊಳ್ಳಿ. ತಳ ಇಲ್ಲದ ಸಾಕೆಟ್‌ನಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅದರ ತುದಿ ನೇರ ಬೋರ್ಡಿಗೇ ಇಳಿದು ಟ್ರ್ಯಾಕ್ ಕತ್ತರಿಸುತ್ತದೆ.