ಸಮುದ್ರದವರ ಸಮಾಧಿಕಲ್ಲು: ಹೆದ್ದಾರಿ ಬದಿಯ ಕಲ್ಲಂಗಡಿಗಳ ಕೆಲಸ ಹೇಗುಂಟು?

ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆ ಅಂತ ಕಾಸರಗೋಡಿನ ಕಡೆ ಬರುವಾಗ ರಸ್ತೆ ಬದಿಯಲ್ಲಿ ಗ್ರಾನೈಟ್ ಚಪ್ಪಡಿ ಒರಗಿಸಿಟ್ಟ ಮಳಿಗೆಗಳು ಸಿಗುತ್ತವೆ. ಕಲ್ಲಂಗಡಿ ಅಂದದ್ದು ಇವನ್ನೇ, ಹಣ್ಣನ್ನಲ್ಲ. ಅಡುಗೆಕಟ್ಟೆ, ಮೆಟ್ಟಿಲು ಇವುಗಳ ಹೊಟ್ಟೆಪಾಡು. ಹೆಸರುಫಲಕ, ಸಮಾಧಿಕಲ್ಲು ಬದಿಯ ಕಸುಬು. ಉದುಮ, ಪಾಲಕುನ್ನು, ಕೋಟಿಕುಳಂ ಕಡೆ ಹಡಗಿನ ಕೆಲಸಕ್ಕೆ ಹೋದವರ ಮನೆಗಳು ಹೆಚ್ಚು, ನೌಕಾಪಡೆಯಿಂದ ನಿವೃತ್ತರಾದವರೂ ಇದ್ದಾರೆ. ಹಾಗಾಗಿ ಲಂಗರು ಇರುವ ಕಲ್ಲಿಗೆ ಇಲ್ಲಿ ಗಿರಾಕಿ ಉಂಟು. ಈ ವಿಮರ್ಶೆ ಒಂದು ಮಳಿಗೆಯದ್ದಲ್ಲ, ಆ ಕೆಲಸದ್ದು.

ಮೊದಲೇ ಹೇಳಿಬಿಡುವುದಾದರೆ, ಕಲ್ಲು ಕೊಯ್ಯುವುದು, ಅಂಚು ತೀಡುವುದು, ಪಾಲಿಶ್ ಚೆನ್ನಾಗಿ ಮಾಡುತ್ತಾರೆ. ಲಂಗರು ಪರವಾಗಿಲ್ಲ. ಕನ್ನಡ ಅಕ್ಷರ ಮಾತ್ರ ಎದುರು ಕೂತು ನೋಡಿಕೊಂಡರಷ್ಟೇ ಸರಿಯಾಗುತ್ತದೆ. ಲೋಹದ ಸಾಮಾನನ್ನು ಅವರ ಡಬ್ಬಿಯಿಂದ ತೆಗೆದುಕೊಳ್ಳಲೇಬೇಡಿ.

ಕಲ್ಲಿನಿಂದ ಶುರುಮಾಡೋಣ. ಅಂಗಡಿಯವರು ಮೊದಲು ತೋರಿಸುವುದು ಕಪ್ಪು ಗ್ರಾನೈಟ್. ಚಾಮರಾಜನಗರದ್ದು, ಕನಕಪುರದ್ದು ಹೆಸರಾದ ಕಪ್ಪು. ಗಡಿಯಾಚೆ ಕುಪ್ಪಂನಿಂದ ಹಸಿರು ಛಾಯೆಯದ್ದು, ಕೃಷ್ಣಗಿರಿ–ಹೊಸೂರು ಕಡೆಯಿಂದ ಬಣ್ಣಬಣ್ಣದ ಅಲೆಗಳಿರುವುದು ಬರುತ್ತದೆ. ಅಲೆ ಇರುವ ಕಲ್ಲು ನೆಲಕ್ಕೆ ಚಂದ, ಸಮಾಧಿಗೆ ಬೇಡ: ಅಕ್ಷರ ಆ ಗೆರೆಗಳಲ್ಲಿ ಮುಳುಗಿಹೋಗುತ್ತದೆ. ಕಪ್ಪು ಕಲ್ಲು ಆರಿಸುವಾಗ ಒಂದು ಪರೀಕ್ಷೆ ಮಾಡಿ. ಬಿಳಿ ಹತ್ತಿ ಬಟ್ಟೆಗೆ ಥಿನ್ನರ್ ಅಥವಾ ಅಸಿಟೋನ್ ಹಾಕಿ ಚಪ್ಪಡಿಯ ಮೂಲೆಯಲ್ಲಿ ಬಲವಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬೂದು ಕಲ್ಲಿಗೆ ಬಣ್ಣವೋ ಎಣ್ಣೆಯೋ ಕುಡಿಸಿದ್ದು. ಅಂಥದ್ದು ಬಿಸಿಲಿಗೆ ಬಿದ್ದಮೇಲೆ ತೇಪೆ ತೇಪೆಯಾಗಿ ಬಿಳಚಿಕೊಳ್ಳುತ್ತದೆ. ಒಳ್ಳೆಯ ಅಂಗಡಿಯವನು ಈ ಪರೀಕ್ಷೆಗೆ ಮುಖ ಸಿಂಡರಿಸುವುದಿಲ್ಲ.

ಬಿಳಿ ಅಮೃತಶಿಲೆ ಕೇಳುವವರೂ ಇದ್ದಾರೆ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಊರಿದು. ಅಮೃತಶಿಲೆಯ ಮೈ ಸಕ್ಕರೆಯಂತೆ ಉದುರಲು ಶುರುವಾಗುತ್ತದೆ, ಪಾಚಿ ಹಿಡಿದರೆ ಬಿಡುವುದಿಲ್ಲ. ಮುರಕಲ್ಲಂತೂ (ಕೆಂಪು ಜಂಬಿಟ್ಟಿಗೆ, ಲ್ಯಾಟರೈಟ್) ನಮ್ಮ ಮನೆಯ ಕಲ್ಲು, ಬೇಕಲ ಕೋಟೆ ಅದರದ್ದೇ. ಆದರೆ ತೂತು ತೂತಿನ ಆ ಮೈಯಲ್ಲಿ ಅಕ್ಷರ ನಿಲ್ಲುವುದಿಲ್ಲ. ಪೀಠಕ್ಕೆ ಬಳಸಿ, ಫಲಕಕ್ಕೆ ಬೇಡ. ಕಾರ್ಕಳದ ಕೃಷ್ಣಶಿಲೆ ಉಳಿಯ ಕೆಲಸಕ್ಕೆ ಒಲಿಯುವ ಕಲ್ಲು. ಹಣ, ಸಮಯ ಎರಡೂ ಇದ್ದರೆ ಅದಕ್ಕೆ ಸಾಟಿಯಿಲ್ಲ.

ಗಾತ್ರದ ವಿಷಯದಲ್ಲಿ ಅಂಗಡಿಗಳಿಗೆ ಒಂದು ಹಟ ಉಂಟು: 3 ಅಡಿ ಎತ್ತರ, 2 ಅಡಿ ಅಗಲ, 50 ಮಿ.ಮೀ. ದಪ್ಪ. ಕಪ್ಪು ಕಲ್ಲಿನಲ್ಲಿ ಇದು ಸುಮಾರು 84 ಕಿಲೋ ತೂಗುತ್ತದೆ. ನೋಡಲು ದೊಡ್ಡದು, ನಿಲ್ಲಿಸಲು ತೆಳು. ಕೆಳಗಿನಿಂದ ಸರಳು ಕೂರಿಸಲು 16 ಮಿ.ಮೀ. ತೂತು ಕೊರೆದರೆ ಆಚೀಚೆ ಉಳಿಯುವುದು 17 ಮಿ.ಮೀ. ಮಾತ್ರ, ಅಲ್ಲೇ ಸೀಳುತ್ತದೆ. ನಿಲ್ಲಿಸುವ ಕಲ್ಲಿಗೆ 75 ಮಿ.ಮೀ. ದಪ್ಪ ಕೇಳಿ, ಬೇಕಿದ್ದರೆ ಎತ್ತರ ಕಡಿಮೆ ಮಾಡಿ. ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಕಲ್ಲು ನೆಲದ ಮೇಲೆ 813 ಮಿ.ಮೀ. ಎತ್ತರ, 381 ಅಗಲ, 76 ದಪ್ಪ ಅಷ್ಟೆ. ಅಡ್ಮಿರಲ್ ಇರಲಿ, ಅಡುಗೆಯವನಿರಲಿ, ಅಳತೆ ಒಂದೇ. ತೆಳು ಕಲ್ಲೇ ಬೇಕೆಂದರೆ ನಿಲ್ಲಿಸದೆ ಪೀಠದ ಮೇಲೆ ಓರೆಯಾಗಿ ಮಲಗಿಸಿ.

ಕೆತ್ತನೆಯಲ್ಲಿ ಮೂರು ಬಗೆ. ಲೇಸರ್ ಅಗ್ಗ, ಬೇಗ, ಫೋಟೋ ಕೂಡ ಬರುತ್ತದೆ. ಆದರೆ ಅದು ಕಪ್ಪು ಪಾಲಿಶಿನ ಮೈಯನ್ನು ಕೂದಲೆಳೆಯಷ್ಟು ಒಡೆದು ಬಿಳಿ ಮಾಡುವುದಷ್ಟೇ. ಬೆರಳಾಡಿಸಿದರೆ ಆಳ ಸಿಗುವುದಿಲ್ಲ. ಕಡಲ ಗಾಳಿಯ ಉಪ್ಪು, ಬಾವಿನೀರಿನ ಸುಣ್ಣ ಕೂತು ಬಿಳಿ ಪೊರೆ ಕಟ್ಟಿದಾಗ ಬಿಳಿ ಅಕ್ಷರ ಅದರೊಳಗೆ ಕಾಣೆಯಾಗುತ್ತದೆ. ಕಾಸರಗೋಡಿನ ಕರಾವಳಿಗೆ ಲೇಸರನ್ನು ಶಿಫಾರಸು ಮಾಡುವಂತಿಲ್ಲ. ಉಳಿಯ ಕೆತ್ತನೆ ಎಲ್ಲಕ್ಕಿಂತ ಮೇಲು, ಕೈ ಸಿಗುವುದು ಕಷ್ಟ. ಉಳಿದದ್ದು ಮರಳು ಹೊಡೆಸುವುದು: ಕಲ್ಲಿನ ಮೇಲೆ ರಬ್ಬರ್ ಹಾಳೆ ಅಂಟಿಸಿ, ಅಕ್ಷರದ ಆಕಾರ ಕತ್ತರಿಸಿ ತೆಗೆದು, ಗಾಳಿಯ ಒತ್ತಡದಲ್ಲಿ ಕಣ ಹಾಯಿಸುತ್ತಾರೆ. 25 ಮಿ.ಮೀ. ಅಕ್ಷರಕ್ಕೆ 3 ಮಿ.ಮೀ. ಆಳ ಇರಲಿ. 1 ಮಿ.ಮೀ.ಗೆ ಕೈಬಿಡುವವರೇ ಜಾಸ್ತಿ, ಅಳೆದೇ ಹಣ ಕೊಡಿ.

ಕನ್ನಡ ಕೆಡುವುದು ಈ ರಬ್ಬರ್ ಹಾಳೆಯಲ್ಲೇ. ‘ಸಮಾಧಿ’ಯ ಧ ಕೆಳಗೊಂದು ಪುಟ್ಟ ಸೀಳು ಇದೆಯಲ್ಲ, ಅದು 2 ಮಿ.ಮೀ.ಗಿಂತ ಸಣ್ಣದಾದರೆ ಕಣ ಒಳಗೆ ಹೋಗುವುದಿಲ್ಲ, ಕಲ್ಲಿನಲ್ಲಿ ‘ಸಮಾದಿ’ ಮೂಡುತ್ತದೆ. ಠ ನಡುವಿನ ಚುಕ್ಕೆಗೂ ಅದೇ ಗತಿ, ‘ಪೀಠ’ ಹೋಗಿ ‘ಪೀರ’ ಆಗುತ್ತದೆ. ಮ, ವ ಅಕ್ಷರಗಳ ಸುರುಳಿಯೊಳಗೆ ಉಳಿಯಬೇಕಾದ ರಬ್ಬರಿನ ತುಣುಕು ಗಾಳಿಗೆ ಹಾರಿದರೆ ಸುರುಳಿಯ ಬದಲು ಗುಳಿ ಬೀಳುತ್ತದೆ. ಒತ್ತಕ್ಷರಕ್ಕೆ 12 ಮಿ.ಮೀ.ಗಿಂತ ಕಡಿಮೆ ಎತ್ತರ ಬೇಡ. ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ ಮಲಯಾಳಂ, ಇಂಗ್ಲಿಷಿಗಿಂತ ಹೆಚ್ಚು ಇಡಿಸಬೇಕು. ಮೂರು ಭಾಷೆಯ ಕಲ್ಲು ಇಲ್ಲಿ ಸಾಮಾನ್ಯ, ವಿನ್ಯಾಸ ಮಾಡುವವನು ಮೂರಕ್ಕೂ ಒಂದೇ ಅಂತರ ಕೊಟ್ಟುಬಿಡುತ್ತಾನೆ.

ಕಂಪ್ಯೂಟರಿನ ತೊಂದರೆ ಬೇರೆ. ವಾಟ್ಸಾಪಿನಲ್ಲಿ ಕಳಿಸಿದ ಕನ್ನಡವನ್ನು ವಿನ್ಯಾಸ ಮಾಡುವ ಹಳೆಯ ಕೋರೆಲ್‌ಡ್ರಾ ತಂತ್ರಾಂಶಕ್ಕೆ ಹಾಕಿದರೆ ಒತ್ತು ಬಿಡಿಬಿಡಿಯಾಗುತ್ತದೆ, ಅರ್ಕಾವತ್ತು ಸ್ಥಳ ತಪ್ಪುತ್ತದೆ. ತುಂಡು ಕೂಡಿಸುವವನಿಗೆ ಕನ್ನಡ ಬಾರದಿದ್ದರೆ ಅರ್ಕಾವತ್ತಿನ ಜಾಗದಲ್ಲಿ ಅಂಕಿ ೯ ಕೂರುತ್ತದೆ. ನೌಕಾಪಡೆಯ ಧ್ಯೇಯವಾಕ್ಯವನ್ನೇ ನೋಡಿ: ‘ಶಂ ನೋ ವರುಣಃ’, ವರುಣ ನಮಗೆ ಒಳಿತು ಮಾಡಲಿ ಎಂದು. ನೋ ದೀರ್ಘದ ಬಾಲ ಕಳಚಿ ‘ನೊ’ ಆದರೆ ಅರ್ಥವೇ ಇಲ್ಲ. ವಿಸರ್ಗದ ಎರಡು ಸೊನ್ನೆ ಕೋಲನ್ ಆಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಮೂರು ಪದದಲ್ಲಿ ಎರಡು ತಪ್ಪು, ಅದೂ ಅಳಿಸಲಾಗದ ಜಾಗದಲ್ಲಿ.

ಮದ್ದು ಇಷ್ಟೇ: ಪಠ್ಯ ಕಳಿಸಬೇಡಿ, ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿದ ಪಿಡಿಎಫ್ ಕಳಿಸಿ. ನಿಜ ಅಳತೆಯ ಮುದ್ರಣ ತೆಗೆಸಿ ಗೋಡೆಗೆ ಅಂಟಿಸಿ, ಕನ್ನಡ ಬಲ್ಲ ಇಬ್ಬರು ಓದಲಿ. ರಬ್ಬರ್ ಕತ್ತರಿಸಿ ಕಲ್ಲಿಗೆ ಅಂಟಿಸಿದ ಮೇಲೆ, ಕಣ ಹಾಯಿಸುವ ಮೊದಲು ಮತ್ತೊಮ್ಮೆ ಹೋಗಿ ನೋಡಿ. ತಪ್ಪು ತಿದ್ದಲು ಅದೇ ಕೊನೆಯ ಅವಕಾಶ. ದರ ಅಕ್ಷರದ ಲೆಕ್ಕದಲ್ಲಿದ್ದರೆ ಒತ್ತಕ್ಷರವನ್ನು ಬೇರೆ ಎಣಿಸುತ್ತಾರೋ ಎಂದು ಮುಂಚೆಯೇ ಕೇಳಿ; ‘ರಾಷ್ಟ್ರ’ ಎರಡು ಅಕ್ಷರವೋ ನಾಲ್ಕೋ ಎಂಬ ಜಗಳ ಕಲ್ಲು ಇಳಿಸುವಾಗ ಬೇಡ.

ಇನ್ನು ಲಂಗರು. ನೌಕಾಪಡೆಯ ಕಲ್ಲಿಗೆ ಸಲ್ಲುವುದು ಹಗ್ಗ ಸುತ್ತಿದ ಲಂಗರು: ಮೇಲೆ ಬಳೆ, ಅದರ ಕೆಳಗೆ ಅಡ್ಡದಂಡ, ನಡುವೆ ಕಾಂಡ, ಬುಡದಲ್ಲಿ ಎರಡು ಕೊಕ್ಕೆ. ಅಂಗಡಿಯ ಸಿದ್ಧ ಚಿತ್ರಗಳಲ್ಲಿ ಅಡ್ಡದಂಡವೇ ಇರುವುದಿಲ್ಲ, ಟೀ ಶರ್ಟಿನ ಮೇಲಿನ ಲಂಗರಿನ ಹಾಗೆ. ಹಗ್ಗ ಮತ್ತು ಕಾಂಡದ ನಡುವಿನ ಸಂದು 3 ಮಿ.ಮೀ.ಗಿಂತ ಕಿರಿದಾದರೆ ಅಲ್ಲಿ ಕಲ್ಲು ಚಕ್ಕೆ ಏಳುತ್ತದೆ. ಲಂಗರಿಗೆ 5 ಮಿ.ಮೀ. ಆಳ, ಎರಡು ಹಂತದಲ್ಲಿ ಹೊಡೆಸಿದರೆ ಉಬ್ಬು ಕಾಣುತ್ತದೆ. ಮರ್ಚೆಂಟ್ ನೇವಿಯ ಎಂಜಿನ್ ವಿಭಾಗದವರಿಗೆ ಪ್ರೊಪೆಲ್ಲರ್ ಹೆಚ್ಚು ಒಪ್ಪುತ್ತದೆ. ಸಿಂಹಲಾಂಛನ ಕೆತ್ತಿಸಲು ಹೋಗಬೇಡಿ, ರಾಷ್ಟ್ರಲಾಂಛನದ ದುರ್ಬಳಕೆ ತಡೆಯುವ 2005ರ ಕಾಯ್ದೆ ಉಂಟು. ನೌಕಾಧ್ವಜವೂ ತಲೆನೋವೇ. 2001ರಲ್ಲಿ ಕೆಂಪು ಶಿಲುಬೆ ತೆಗೆದರು, 2004ರಲ್ಲಿ ಮತ್ತೆ ತಂದರು, 2022ರ ಸೆಪ್ಟೆಂಬರ್ 2ರಂದು ಶಿವಾಜಿ ಮುದ್ರೆಯ ಪ್ರೇರಣೆಯ ಅಷ್ಟಕೋನದ ಹೊಸ ಧ್ವಜ ಬಂತು. ಅಂಗಡಿಯವನ ಬಳಿ ಇರುವುದು ಯಾವ ಕಾಲದ್ದೋ, ತೀರಿಹೋದವರು ವಂದಿಸಿದ್ದು ಯಾವುದಕ್ಕೋ. ಲಂಗರಿಗೆ ಆ ಗೊಂದಲವಿಲ್ಲ.

ಪಠ್ಯದಲ್ಲಿ ಪದೇ ಪದೇ ಕಾಣುವ ತಪ್ಪುಗಳೂ ಇವೆ. ‘ಐ.ಎನ್.ಎಸ್.’ ಭಾರತೀಯ ನೌಕಾಪಡೆಯ ಹಡಗಿಗೆ ಮಾತ್ರ. ಸರಕು ಹಡಗಿಗೆ ‘ಎಂ.ವಿ.’, ಟ್ಯಾಂಕರಿಗೆ ‘ಎಂ.ಟಿ.’. 1950ರ ಜನವರಿ 26ಕ್ಕೆ ಮೊದಲೇ ಸೇವೆ ಮುಗಿಸಿದವರ ಹಡಗಿಗೆ ‘ಎಚ್.ಎಂ.ಐ.ಎಸ್.’ (ಹಿಸ್ ಮೆಜೆಸ್ಟಿಸ್ ಇಂಡಿಯನ್ ಶಿಪ್) ಬರಬೇಕು. ಬರೀ ‘ಕ್ಯಾಪ್ಟನ್’ ಎಂದರೆ ಸಾಲದು, ನೌಕಾಪಡೆಯಲ್ಲಿ ಅದೊಂದು ದರ್ಜೆ, ಸರಕು ಹಡಗಿನಲ್ಲಿ ಹಡಗು ನಡೆಸುವ ಮುಖ್ಯಸ್ಥನ ಹುದ್ದೆ. ಎರಡನೆಯದಾದರೆ ‘ಮಾಸ್ಟರ್, ಮರ್ಚೆಂಟ್ ನೇವಿ’ ಎಂದು ಬಿಡಿಸಿ ಬರೆಸಿ. ನಾವಿಕರ ಸೇವಾಪುಸ್ತಕದ (ಸಿ.ಡಿ.ಸಿ.) ಸಂಖ್ಯೆ ಕಲ್ಲಿಗೆ ಬೇಕಾಗಿಲ್ಲ.

ದೇಹ ಸಿಗದವರ ಕಲ್ಲಿಗೆ ‘ಇಲ್ಲಿ ವಿಶ್ರಮಿಸಿದ್ದಾರೆ’ ಎಂಬ ಸಿದ್ಧ ಸಾಲು ಹಾಕಿಬಿಡುವುದುಂಟು. ಅದು ಸ್ಮಾರಕ, ಸಮಾಧಿಯಲ್ಲ. 1971ರ ಡಿಸೆಂಬರ್ 9ರಂದು ಮುಳುಗಿದ ಐ.ಎನ್.ಎಸ್. ಖುಕ್ರಿಯ 18 ಅಧಿಕಾರಿಗಳು, 176 ನಾವಿಕರ ಸ್ಮಾರಕ ದೀವ್‌ನ ಕಡಲಂಚಿನಲ್ಲಿದೆ, ಅಲ್ಲಿರುವುದು ಗಾಜಿನೊಳಗಿನ ಹಡಗಿನ ಮಾದರಿ. ಮುಂಬಯಿಯ ಬೊರಿವಲಿ ಬಳಿ ಎಕ್ಸರ್‌ನಲ್ಲಿ ಶಿಲಾಹಾರರ ಕಾಲದ ವೀರಗಲ್ಲುಗಳಿವೆ, ಸಾಲು ಸಾಲು ಹುಟ್ಟು ಹಾಕುವ ಯುದ್ಧನೌಕೆಗಳನ್ನು ಕಡೆದಿದ್ದಾರೆ. ಆ ಹುಟ್ಟುಗಳು ಇವತ್ತಿಗೂ ಗುರುತು ಹತ್ತುತ್ತವೆ, ಉಬ್ಬುಕೆತ್ತನೆಯ ಆಳ ಅಂಥದ್ದು. ಮುಳುಗಿದ ಜಾಗದ ಅಕ್ಷಾಂಶ, ರೇಖಾಂಶ ಹಾಕಿಸುವುದಾದರೆ ಡಿಗ್ರಿಯ ಸೊನ್ನೆಗೆ 6 ಮಿ.ಮೀ. ವ್ಯಾಸ ಇರಲಿ, ಕಿರಿದಾದರೆ ಬರೀ ಚುಕ್ಕೆಯಾಗಿ 12° ಎಂಬುದು ದಶಮಾಂಶದಂತೆ ಓದಿಸುತ್ತದೆ.

ಲೋಹಕ್ಕೆ ಬಂದರೆ ಅಂಗಡಿಗಳಿಗೆ ಅರ್ಧ ಅಂಕವೂ ಕೊಡುವಂತಿಲ್ಲ. ಕಲ್ಲು ನಿಲ್ಲಿಸಲು ಮನೆ ಕಟ್ಟುವ ಕಬ್ಬಿಣದ ಸರಳನ್ನೇ ತುರುಕುತ್ತಾರೆ. ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಹಲವು ಪಟ್ಟು ಉಬ್ಬಿ ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಬೇಕಾದ್ದು 12 ಮಿ.ಮೀ.ನ 316 ದರ್ಜೆಯ ಸ್ಟೇನ್‌ಲೆಸ್ ಸರಳು ಎರಡು, ಕಲ್ಲಿನೊಳಗೆ 100 ಮಿ.ಮೀ., ಪೀಠದೊಳಗೆ 100 ಮಿ.ಮೀ., ಎಪಾಕ್ಸಿಯಲ್ಲಿ. ಅದಕ್ಕಿಂತ ಕೆಳಗಿನ 304 ದರ್ಜೆಯದ್ದು ಕೂಡ ಕಡಲ ಬಳಿ ಚಹಾದ ಕಲೆಯಂತೆ ಕಂದುತ್ತದೆ. ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಡಿ, ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಬೋಲ್ಟ್ ಆದರೆ ತಲೆಯ ಮೇಲಿನ ಅಚ್ಚು ನೋಡಿ: ಎ2 ಎಂದರೆ 304ರ ಜಾತಿ, ಎ4 ಎಂದರೆ 316ರದ್ದು. ಹಿತ್ತಾಳೆ ಅಕ್ಷರವನ್ನು ಕಬ್ಬಿಣದ ಸ್ಕ್ರೂನಲ್ಲಿ ಕೂರಿಸಿದರೆ ಕೆಂಪು ಕಣ್ಣೀರು ಇಳಿಯುತ್ತದೆ. ‘ಚಿನ್ನದ ಬಣ್ಣ’ ಎಂದು ತುಂಬುವುದು ಹಿತ್ತಾಳೆ ಪುಡಿ, ಉಪ್ಪುಗಾಳಿಗೆ ಬೇಗ ಕಪ್ಪಾಗುತ್ತದೆ. ಬಿಳಿ ಎನಾಮೆಲ್ ತುಂಬಿಸಿ, ಮಾಸಿದಾಗ ಮನೆಯವರೇ ಬಳಿಯಬಹುದು.

ನಿಲ್ಲಿಸುವ ಕೆಲಸ ಕರಾರಿನಲ್ಲಿ ಸೇರಿದೆಯೇ ಎಂದು ಕೇಳಿ. ಗಟ್ಟಿ ಮುರ ನೆಲದಲ್ಲಿ 300 ಮಿ.ಮೀ. ಅಗೆದರೆ ಸಾಕು, ಕಡಲಂಚಿನ ಹೊಯಿಗೆಯಲ್ಲಿ (ಮರಳಿನಲ್ಲಿ) 600 ಬೇಕು; ಇಲ್ಲವಾದರೆ ಮಳೆಗಾಲದ ಆಟಿ ತಿಂಗಳು ಮುಗಿಯುವಾಗ ಕಲ್ಲು ವಾಲಿರುತ್ತದೆ. ಮಳೆಗೆ ಎರಡು ತಿಂಗಳು ಮುಂಚೆ ನಿಲ್ಲಿಸಿ. ಮುರಕಲ್ಲಿನ ಪೀಠ ನೀರು ಹೀರುವುದರಿಂದ ಅದರ ಮೇಲೆ ನೀರು ತಡೆಯುವ ಪದರ ಹಾಕಿಯೇ ಗ್ರಾನೈಟ್ ಇಡಬೇಕು. ಚರ್ಚು, ಮಸೀದಿಗಳ ಸ್ಮಶಾನದಲ್ಲಾದರೆ ಎತ್ತರ, ಚಿತ್ರಗಳ ನಿಯಮವನ್ನು ಮುಂಗಡ ಕೊಡುವ ಮೊದಲೇ ಕೇಳಿ; ಮುಸ್ಲಿಮರ ಗೋರಿಯ ಮೀಸಾನ್ ಕಲ್ಲಿಗೆ ಭಾವಚಿತ್ರ ನಡೆಯುವುದಿಲ್ಲ. ತೊಳೆಯಲು ಆಸಿಡ್ ಬೇಡ, ತಂತಿ ಬ್ರಷ್ ಬೇಡವೇ ಬೇಡ. ಅದರ ಚೂರುಗಳು ಕಲ್ಲಿನಲ್ಲಿ ಉಳಿದು ತುಕ್ಕಿನ ಚುಕ್ಕೆಯಾಗುತ್ತವೆ. ನೈಲಾನ್ ಬ್ರಷ್, ಸಾದಾ ಸೋಪು, ಸಿಹಿನೀರು ಸಾಕು.

ಕಲ್ಲಿನ ಬರಹದ ಕೆಳಗೆ 150 ಮಿ.ಮೀ. ಖಾಲಿ ಬಿಡಿಸಿ, ಹೆಂಡತಿಯ ಹೆಸರಿಗೆ. ವಿನ್ಯಾಸದ ಕಡತವನ್ನು ಅಂಗಡಿಯವನ ಕಂಪ್ಯೂಟರಿನಲ್ಲಿ ಬಿಟ್ಟು ಬರಬೇಡಿ, ಕೇಳಿ ಪಡೆದು ಮನೆಯಲ್ಲಿಡಿ. ಅದೇ ಅಕ್ಷರರೂಪ ಇಪ್ಪತ್ತು ವರ್ಷದ ನಂತರ ಹುಡುಕಿದರೆ ಸಿಗುವುದಿಲ್ಲ.